ಪಲ್ಲಾಡಿಯಂ ಉಂಗುರ ಮತ್ತು ಬೀಗರ ತಕ್ಕಡಿ

ಹೋದ ವಾರ ಇಳಕಲ್ಲಿಗೆ ಹೋಗಿದ್ದೆ. ಬಸ್ಸು ಇಳಿದು ಮನೆ ಮುಟ್ಟೋದ್ರೊಳಗೆ ಮೂರು ಜನ ನನ್ನ ಕೈ ಹಿಡಿದು, ಉಂಗುರ ತಿರುಗಿಸಿ ನೋಡಿದರು. ಮೂರೂ ಜನ ಕೇಳಿದ್ದು ಒಂದೇ ಪ್ರಶ್ನೆ.

‘ಇದನ್ನ ತಿರುಗಿ ಕೊಟ್ರ ಎಷ್ಟು ಬರ್ತೈತಿ?’

ಹುಡುಗಿ ಯಾರು, ಯಾವ ಊರು, ಮದುವೆ ಯಾವಾಗ? ಊಹೂಂ. ಬೆಂಗಳೂರಿನ ಆಫೀಸಿನಲ್ಲೂ ಅಷ್ಟೇ. ಅಲ್ಲಿ ಅದೇ ಪ್ರಶ್ನೆಯನ್ನು ‘ರೀಸೇಲ್ ವ್ಯಾಲ್ಯೂ ಏನು ಗುರೂ?’ ಅಂತ ಕೇಳ್ತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ನಮ್ಮೂರಲ್ಲಿ ಏನೂ ಬರೋದಿಲ್ಲ, ಅದಕ್ಕೇ ತಗೊಂಡಿದ್ದು. ಹೀಗಂದ್ರೆ ಜೋಕ್ ಅಂದ್ಕೊಂಡು ನಗ್ತಾರೆ. ಜೋಕ್ ಅಲ್ಲ ಸ್ವಾಮಿ. ಹತ್ತು ಸಲ ಬಾಯಲ್ಲಿ ಹೇಳಿ ಸಾಕಾಯ್ತು, ಒಂದು ಸಲ ಬರೆದು ಹಾಕಿಬಿಡೋಣ ಅಂತ ಕೂತಿದ್ದೇನೆ.

ನನ್ನ ಉಂಗುರ ಪಲ್ಲಾಡಿಯಂದು. ಪ್ಲಾಟಿನಂ ಕುಟುಂಬದ ಲೋಹ, ಬಿಳಿ ಬಣ್ಣ, ಪರಮಾಣು ಸಂಖ್ಯೆ 46. (ಪಿಯುಸಿಯಲ್ಲಿ ಆವರ್ತ ಕೋಷ್ಟಕ ಬಾಯಿಪಾಠ ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು.) ಇದನ್ನು ಕಂಡುಹಿಡಿದವನು ವಿಲಿಯಂ ಹೈಡ್ ವೊಲಾಸ್ಟನ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ, 1802ರಲ್ಲಿ. ಆದರೆ ಆತ ಪ್ರಬಂಧ ಬರೆಯಲಿಲ್ಲ. 1803ರಲ್ಲಿ ಹೆಸರು ಹಾಕದೆ ಒಂದು ಕರಪತ್ರ ಅಚ್ಚು ಹಾಕಿಸಿ, ಲಂಡನ್ನಿನ ಸೋಹೋದ ಒಂದು ಅಂಗಡಿಯಲ್ಲಿ ಲೋಹದ ಚೂರುಗಳನ್ನು ಮಾರಾಟಕ್ಕಿಟ್ಟ. ಕರಪತ್ರದಲ್ಲಿ ಇದ್ದ ಹೆಸರು ‘ಪಲ್ಲಾಡಿಯಂ, ಅಥವಾ ಹೊಸ ಬೆಳ್ಳಿ’. ಚೆನೆವಿಕ್ಸ್ ಅನ್ನೋ ರಸಾಯನಶಾಸ್ತ್ರಜ್ಞ ಅಂಗಡಿಯಲ್ಲಿದ್ದ ಮಾಲನ್ನೆಲ್ಲ ಕೊಂಡು ಪರೀಕ್ಷೆ ಮಾಡಿ, ಇದು ಹೊಸ ಧಾತುವೇ ಅಲ್ಲ, ಪ್ಲಾಟಿನಂಗೆ ಪಾದರಸ ಬೆರೆಸಿದ್ದು ಅಂತ ಹೇಳಿಬಿಟ್ಟ. ಆ ವರ್ಷ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಸಿಕ್ಕಿದ್ದು ಆತನಿಗೇ! ವೊಲಾಸ್ಟನ್ ಆಗಲೂ ಹೆಸರು ಹೇಳಲಿಲ್ಲ. ಇದನ್ನು ಬೆರೆಸಿ ತಯಾರಿಸಿ ತೋರಿಸಿದವರಿಗೆ 20 ಪೌಂಡ್ ಬಹುಮಾನ ಅಂತ ಸವಾಲು ಹಾಕಿ ಸುಮ್ಮನಾದ. ಯಾರಿಂದಲೂ ಆಗಲಿಲ್ಲ. 1805ರಲ್ಲಿ ‘ನಾನೇ’ ಅಂತ ಒಪ್ಪಿಕೊಂಡ.

ಅಂದರೆ ಪದಕ ತಗೊಂಡ ವಿಜ್ಞಾನಿಯೇ ಪರೀಕ್ಷೆ ಮಾಡಿ ಮೋಸ ಹೋದ ಲೋಹ ಇದು. ನನಗೆ ಬೇಕಿದ್ದದ್ದು ಇಂಥದ್ದೇ. ಬೀಗರು ಪರೀಕ್ಷೆ ಮಾಡಲಾರದ ಲೋಹ.

ಯಾಕೆ ಅಂತ ಹೇಳಬೇಕಾದರೆ ಅಕ್ಕನ ನಿಶ್ಚಯದ ಕಥೆ ಹೇಳಬೇಕು. ಹತ್ತು ವರ್ಷದ ಹಿಂದಿನ ಮಾತು. ಅಪ್ಪನದು ಎರಡು ಮಗ್ಗ. ವರನಿಗೆ ಒಂದು ತೊಲಿ ಉಂಗುರ ಅಂತ ಮಾತಾಗಿತ್ತು. ಹೊಸ ಬಂಗಾರ ಕೊಳ್ಳಲು ಕೈ ಸಾಲದೆ, ಅಪ್ಪ ನಮ್ಮ ಅಜ್ಜಿಯ ಹಳೇ ಬೋರಮಾಳ ಕರಗಿಸಿ ಉಂಗುರ ಮಾಡಿಸಿದ. ಹಳೇ ಒಡವೆ ಅಂದಮೇಲೆ ಬೆಸುಗೆ ಇರುತ್ತೆ, ಬೆರಕೆ ಇರುತ್ತೆ. ಪತ್ತಾರರು ಮೊದಲೇ ಹೇಳಿದ್ದರು, ಇದು 22 ಕ್ಯಾರೆಟ್ ಬರಂಗಿಲ್ಲ ಅಂತ. ಅಪ್ಪ ‘ನಮ್ಮವ್ವನ ಬಂಗಾರ, ಇರಲಿ’ ಅಂದ.

ನಿಶ್ಚಯ ಆಯ್ತು. ಉಂಗುರ ತೊಡಿಸಿದ್ದಾಯ್ತು. ಹೋಳಿಗೆ ಊಟ ಆಯ್ತು. ಮರುದಿನ ಮಧ್ಯಾಹ್ನ ಬೀಗರ ಕಡೆಯ ಒಬ್ಬ ಹಿರಿಯರು ನಮ್ಮ ಮನೆಗೆ ಬಂದರು. ಅಂಗಿಯ ಕಿಸೆಯಿಂದ ಸಣ್ಣ ಚೀಟಿ ತೆಗೆದರು. ಉಂಗುರವನ್ನು ರಾತ್ರಿಯೇ ಭಾವನ ಬೆರಳಿನಿಂದ ತೆಗೆಸಿ, ಬೆಳಿಗ್ಗೆ ಒಯ್ದು ಒರೆಗೆ ಹಚ್ಚಿಸಿಕೊಂಡು ಬಂದಿದ್ದರು. ‘ತೂಕ ಸರಿ ಐತ್ರಿ. ಮಾಲು ಸರಿ ಇಲ್ಲ.’

ಅಪ್ಪ ಏನೂ ಮಾತಾಡಲಿಲ್ಲ. ರೇಷ್ಮೆ ದಾರ ತರಲು ಇಟ್ಟ ರೊಕ್ಕ ಪೆಟ್ಟಿಗೆಯಲ್ಲಿತ್ತು. ಎಣಿಸಿ ಕೊಟ್ಟ. ಆ ಹಿರಿಯರು ಚಹಾ ಕುಡಿದೇ ಹೋದರು. ಅಪ್ಪನ ಒಂದು ಮಗ್ಗ ಹದಿನೈದು ದಿನ ಖಾಲಿ ನಿಂತಿತ್ತು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಎಲ್ಲಾ ಕೇಳಿಸಿಕೊಂಡಿದ್ದಳು. ಭಾವ ಒಳ್ಳೆಯ ಮನುಷ್ಯರು, ಇವತ್ತಿಗೂ ನಾನಂದ್ರೆ ಪ್ರೀತಿ. ಆವತ್ತು ಬೆರಳಿನಿಂದ ಉಂಗುರ ತೆಗೆದುಕೊಟ್ಟರು, ಅಷ್ಟೇ.

ಈಗ ಹೇಳಿ, ಆ ಉಂಗುರ ಏನು? ಪ್ರೀತಿಯ ಗುರುತಾ? ನಿಶ್ಚಯದ ಸಾಕ್ಷಿಯಾ? ಅದು ಬೆರಳಿಗೆ ಹಾಕಿಸಿಕೊಂಡ ರೊಕ್ಕ. ರೊಕ್ಕ ಅಂದಮೇಲೆ ಎಣಿಸ್ತಾರೆ, ಎಣಿಸಿದ ಮೇಲೆ ಕಡಿಮೆ ಬಿತ್ತು ಅಂತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಉಡುಗೊರೆಗೆ ವಿನಾಯಿತಿ ಇದೆ. ಯಾರೂ ಕೇಳಿರಬಾರದು, ವಾಡಿಕೆಯದಾಗಿರಬೇಕು, ಕೊಡುವವನ ಶಕ್ತಿಗೆ ಮೀರಿರಬಾರದು. ನಮ್ಮ ಕಡೆ ಎಷ್ಟು ನಿಶ್ಚಯಗಳಲ್ಲಿ ವರನ ಉಂಗುರ ಈ ಮೂರನ್ನೂ ಪಾಸ್ ಮಾಡುತ್ತೆ? ‘ನಾವೇನೂ ಕೇಳಂಗಿಲ್ರಿ, ನಿಮ್ಮ ಹುಡುಗಿಗೆ ನೀವು ಏನ್ ಹಾಕ್ತೀರೋ ಹಾಕ್ರಿ, ಹುಡುಗನಿಗೊಂದು ಉಂಗುರ’ ಅನ್ನೋ ವಾಕ್ಯದಲ್ಲಿ ‘ಕೇಳಂಗಿಲ್ಲ’ ಅಂತಲೂ ಇದೆ, ಕೇಳಿದ್ದೂ ಇದೆ!

ನೇಕಾರರ ಊರಲ್ಲಿ ಹುಟ್ಟಿದವನು ನಾನು. ಬಂಗಾರ ಯಾಕೆ ಬೇಕು ಅನ್ನೋದು ನನಗೂ ಗೊತ್ತಿದೆ. ಸೀರೆ ಹೋಗದಿದ್ದಾಗ, 2020ರ ಲಾಕ್‌ಡೌನಿನಲ್ಲಿ ಮಗ್ಗ ನಿಂತಾಗ, ಅವ್ವನ ಬಳೆ ಬ್ಯಾಂಕಿಗೆ ಹೋಗಿ ಮನೆಗೆ ಜೋಳ ಬಂತು. ಹೆಣ್ಣುಮಕ್ಕಳ ಮೈಮೇಲಿನ ಬಂಗಾರ ಅವರ ಆಸ್ತಿ, ಆಪತ್ತಿನ ಗಂಟು. ಅದರ ತಂಟೆಗೆ ನಾನು ಬರೋದಿಲ್ಲ. ನನ್ನ ಜಗಳ ಇರೋದು ಗಂಡಿನ ಉಂಗುರದ ಜೊತೆ ಮಾತ್ರ. ಅದು ಹುಡುಗಿಯ ಆಪತ್ತಿಗೆ ಆಗೋದಿಲ್ಲ. ಅದು ಹುಡುಗಿಯ ಅಪ್ಪನಿಂದ ಹುಡುಗನ ಬೆರಳಿಗೆ ಹೋಗುವ ಹತ್ತು ಗ್ರಾಂ. ಅದಕ್ಕೆ ರೀಸೇಲ್ ವ್ಯಾಲ್ಯೂ ಯಾಕೆ ಬೇಕು? ನೀವು ಅದನ್ನು ಮಾರ್ತೀರಾ? ಮಾರೋದಿಲ್ಲ ಅಂದ್ರೆ ಯಾಕೆ ಕೇಳ್ತೀರಿ? ಮಾರ್ತೀನಿ ಅಂದ್ರೆ ಆ ಮಾತನ್ನ ನಿಶ್ಚಯದ ದಿನವೇ ಎಲ್ಲರ ಎದುರು ಹೇಳಿ ನೋಡೋಣ.

ನಾವಿಬ್ಬರೂ ಈ ವಿಷಯ ಮಾತಾಡಿದ್ದು ಫೋನಿನಲ್ಲಿ. ‘ನನಗೆ ಪಲ್ಲಾಡಿಯಂ ಸಾಕು. ನಿನಗೂ ಅದೇ ಮಾಡಿಸೋಣೇನು, ಜೋಡಿ ಆಗುತ್ತೆ’ ಅಂದೆ. ಆಕೆ ಒಂದು ಕ್ಷಣ ಯೋಚನೆ ಮಾಡಿ ಹೇಳಿದ್ದು: ‘ನಿಮ್ಮದು ನಿಮ್ಮ ಇಷ್ಟ. ನನಗ ಬಂಗಾರದ್ದೇ ಬೇಕು. ಅದು ನಂದಾಗಿರ್ತದ.’ ನಾನು ಮೇಲೆ ಎರಡು ಪ್ಯಾರಾ ಬರೆದದ್ದನ್ನ ಆಕೆ ಒಂದು ಸಾಲಿನಲ್ಲಿ ಮುಗಿಸಿದಳು :) ಆಕೆಯ ಉಂಗುರವನ್ನು ನಮ್ಮೂರ ಪತ್ತಾರರ ಹತ್ತಿರವೇ ಮಾಡಿಸಿದೆ.

ಲೆಕ್ಕಕ್ಕೆ ಬರ್ತೀನಿ, ಇಂಜಿನಿಯರ್ ಅಲ್ವಾ. 22 ಕ್ಯಾರೆಟ್ ಬಂಗಾರದ ಸಾಂದ್ರತೆ 17.7 ಆಸುಪಾಸು, ಪಲ್ಲಾಡಿಯಂದು 12. ಅಂದರೆ ಬಂಗಾರದಲ್ಲಿ 10 ಗ್ರಾಂ ತೂಗುವ ಉಂಗುರವನ್ನು ಅದೇ ಅಳತೆಯಲ್ಲಿ ಪಲ್ಲಾಡಿಯಂನಲ್ಲಿ ಮಾಡಿದರೆ 6.8 ಗ್ರಾಂ. 2024ರಲ್ಲಿ ನಾನು ಮಾಡಿಸಿದಾಗ ಹತ್ತು ಗ್ರಾಂ ಬಂಗಾರಕ್ಕೆ ಹತ್ತಿರ ಹತ್ತಿರ 65,000 ರೂಪಾಯಿ. ಪಲ್ಲಾಡಿಯಂ ಅಂತಾರಾಷ್ಟ್ರೀಯ ದರದಲ್ಲಿ ಗ್ರಾಂಗೆ 2,700ರ ಆಸುಪಾಸು, ಅಂದರೆ ಲೋಹಕ್ಕೆ 18,000 ಚಿಲ್ಲರೆ. ಕೂಲಿ ಮಾತ್ರ ಜಾಸ್ತಿ ಬಿತ್ತು, ಮಾಡುವವರೇ ಕಡಿಮೆ. ಆದರೂ ಎಲ್ಲಾ ಸೇರಿ ಬಂಗಾರದ ಅರ್ಧಕ್ಕಿಂತ ಕೆಳಗೇ ಇತ್ತು. ಮಾವನವರು ಸಾಲ ಮಾಡಲಿಲ್ಲ. ನನಗೆ ಗೊತ್ತಿರುವ ಒಂದೇ ‘ರಿಟರ್ನ್’ ಅದು.

ಇಲ್ಲಿ ಒಂದು ಎಚ್ಚರಿಕೆ. ‘ಓಹೋ, ಈಗ ಅಗ್ಗ ಇದೆ, ತಗೊಂಡಿಟ್ರೆ ಏರುತ್ತೆ’ ಅಂತ ಹೊರಟವರು ದಯವಿಟ್ಟು ವಾಪಸ್ ಬನ್ನಿ. ಈ ಲೋಹ ಮುಖ್ಯವಾಗಿ ಹೋಗೋದು ಪೆಟ್ರೋಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ. ಬರೋದು ಬಹುಪಾಲು ರಷ್ಯಾ ಮತ್ತು ದಕ್ಷಿಣ ಆಫ್ರಿಕಾದಿಂದ. ಅಲ್ಲಿ ಕೆಮ್ಮಿದರೆ ಇಲ್ಲಿ ಜ್ವರ. 2001ರ ಜನವರಿಯಲ್ಲಿ ಔನ್ಸಿಗೆ 1,000 ಡಾಲರ್ ದಾಟಿ ಆಮೇಲೆ ಮಕಾಡೆ ಬಿತ್ತು. ಗಾಬರಿಯಿಂದ ಕೊಂಡು ಗುಡ್ಡೆ ಹಾಕಿದ್ದ ಫೋರ್ಡ್ ಕಂಪನಿ ಸುಮಾರು ನೂರು ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. 2022ರ ಮಾರ್ಚ್‌ನಲ್ಲಿ ರಷ್ಯಾ ಯುಕ್ರೇನ್ ಮೇಲೆ ಬಿದ್ದಾಗ 3,000 ಡಾಲರ್ ದಾಟಿತು, 2024ರಲ್ಲಿ 1,000ಕ್ಕಿಂತ ಕೆಳಗೆ ಬಂತು. ಇದನ್ನು ಆಪತ್ತಿಗೆ ಅಂತ ಇಟ್ಟುಕೊಳ್ಳುವವನೇ ಆಪತ್ತಿನಲ್ಲಿದ್ದಾನೆ.

‘ಹಟ್ಟಿ ನಮ್ಮ ಪಕ್ಕದಾಗ ಐತಿ, ನಮ್ಮ ನೆಲದ ಬಂಗಾರ ಬಿಟ್ಟು ರಷ್ಯಾದ್ದು ಯಾಕೋ?’ ಅಂತ ನಮ್ಮ ಕಾಕಾ ಒಂದು ಪಾಯಿಂಟ್ ಹಾಕಿದರು. ಮುದಗಲ್ಲ, ಲಿಂಗಸೂರ ದಾಟಿದರೆ ಹಟ್ಟಿ, ನಿಜ. ಕೆಜಿಎಫ್ 2001ರಲ್ಲಿ ಮುಚ್ಚಿದ ಮೇಲೂ ಹಟ್ಟಿ ಗಣಿ ನಡೆದಿದೆ, ಅದೂ ನಿಜ. ಆದರೆ ಒಂದು ಟನ್ ಕಲ್ಲು ಒಡೆದರೆ ಅಲ್ಲಿ ಸಿಗೋದು ಕೆಲವೇ ಗ್ರಾಂ. ವರ್ಷಕ್ಕೆ ಎಲ್ಲಾ ಸೇರಿ ಒಂದೆರಡು ಟನ್ನಿನ ಮಾತು. ದೇಶ ಹೊರಗಿನಿಂದ ತರಿಸುವುದು ವರ್ಷಕ್ಕೆ ನೂರಾರು ಟನ್. ಕಾಕಾನ ಬೆರಳಿನಲ್ಲಿರುವ ಬಂಗಾರವೂ ವಿಮಾನ ಹತ್ತಿಯೇ ಬಂದಿದ್ದು ಅಂದೆ. ನೆಲದ ಮಾತೇ ಆದರೆ ದಾವಣಗೆರೆ ಜಿಲ್ಲೆಯ ಹನುಮಲಾಪುರದಲ್ಲಿ ಪ್ಲಾಟಿನಂ ಗುಂಪಿನ ಲೋಹದ ನಿಕ್ಷೇಪವನ್ನು ಭೂವೈಜ್ಞಾನಿಕ ಸರ್ವೇಕ್ಷಣೆಯವರು ಗುರುತಿಸಿದ್ದಾರೆ, ಅಂದಾಜು ಒಂದೂವರೆ ಟನ್. ಕಾಕಾ ಕೇಳದವರಂತೆ ಎದ್ದು ಹೋದರು.

ಇನ್ನು ನಿಜವಾದ ಆಕ್ಷೇಪಗಳು. ಇವುಗಳನ್ನ ಮುಚ್ಚಿಡೋದಿಲ್ಲ.

ಮೊದಲನೆಯದು, ನಮ್ಮಲ್ಲಿ ಬಿಐಎಸ್ ಹಾಲ್‌ಮಾರ್ಕ್ ಇರೋದು ಬಂಗಾರಕ್ಕೆ, ಬೆಳ್ಳಿಗೆ. ಪಲ್ಲಾಡಿಯಂಗೆ ಇಲ್ಲ. ಬ್ರಿಟನ್ನಿನಲ್ಲಿ 2010ರಿಂದ ಅದಕ್ಕೂ ಹಾಲ್‌ಮಾರ್ಕ್ ಕಡ್ಡಾಯ. ಇಲ್ಲಿ ಮಾರುವವನ ಮಾತೇ ಮುದ್ರೆ. ನಾನು ಬೆಂಗಳೂರಿನಲ್ಲಿ ಎಕ್ಸ್‌ಆರ್‌ಎಫ್ ಯಂತ್ರ ಇರುವ ಕಡೆ ಪರೀಕ್ಷೆ ಮಾಡಿಸಿದೆ, ನೂರಕ್ಕೆ 95 ಪಲ್ಲಾಡಿಯಂ ಅಂತ ಬಂತು. ಅದೂ ಸಾಲದು ಅಂತ ಮನೆಯಲ್ಲಿ ಆರ್ಕಿಮಿಡೀಸ್ ಆದೆ. ಒಂದು ಸೂಕ್ಷ್ಮ ತಕ್ಕಡಿ, ಒಂದು ಲೋಟ ನೀರು, ಒಂದು ದಾರ. ಗಾಳಿಯಲ್ಲಿ 6.80 ಗ್ರಾಂ. ಲೋಟ ತಕ್ಕಡಿ ಮೇಲಿಟ್ಟು, ಉಂಗುರವನ್ನು ದಾರದಲ್ಲಿ ನೀರಿಗಿಳಿಸಿ ತಳ ಮುಟ್ಟದಂತೆ ಹಿಡಿದಾಗ ತಕ್ಕಡಿ 0.57 ಗ್ರಾಂ ಹೆಚ್ಚು ತೋರಿಸಿತು. ಭಾಗಿಸಿ, 11.9. ಉಕ್ಕಾಗಿದ್ದರೆ 8ರ ಹತ್ತಿರ ಬರಬೇಕಿತ್ತು, ಬೆಳ್ಳಿಯಾಗಿದ್ದರೆ ಹತ್ತೂವರೆ, ಪ್ಲಾಟಿನಂ ಆಗಿದ್ದರೆ ಇಪ್ಪತ್ತರ ಮೇಲೆ. ಇಷ್ಟು ಮಾಡಿ ಮುಗಿಸಿದ ಮೇಲೆ ಹೊಳೆಯಿತು, ನಾನೂ ಬೀಗರ ಆ ಹಿರಿಯರ ಹಾಗೇ ಉಂಗುರ ತೂಗುತ್ತಾ ಕೂತಿದ್ದೇನಲ್ಲ ಅಂತ. ಇರಲಿ, ನಾನು ತೂಗಿದ್ದು ಅಂಗಡಿಯವನನ್ನ, ಮಾವನನ್ನಲ್ಲ.

ಎರಡನೆಯದು, ಅಡ ಇಡಲು ಬರೋದಿಲ್ಲ. ಒಡವೆ ಸಾಲದ ಬಗ್ಗೆ 2025ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನಗಳಲ್ಲಿ ಬಂಗಾರದ ಜೊತೆ ಬೆಳ್ಳಿಯ ಹೆಸರು ಇದೆ, ಪಲ್ಲಾಡಿಯಂ ಹೆಸರಿಲ್ಲ. ಇದು ನನಗೆ ಆಕ್ಷೇಪವೇ ಅಲ್ಲ. ಮುಂದಿನದು.

ಮೂರನೆಯದು ಪತ್ತಾರರದು. ಇದು ಮಾತ್ರ ನನ್ನನ್ನ ಕಾಡಿದ್ದು.

ಉಂಗುರ ಸ್ವಲ್ಪ ಬಿಗಿ ಅನ್ನಿಸುತ್ತಿತ್ತು. ನಮ್ಮ ಮನೆಗೆ ಮೂರು ತಲೆಮಾರಿನಿಂದ ಒಡವೆ ಮಾಡಿಕೊಡುತ್ತಿರುವ ಪತ್ತಾರರ ಅಂಗಡಿಗೆ ಹೋದೆ. ಅಜ್ಜಿಯ ಬೋರಮಾಳ ಕರಗಿಸಿದ್ದೂ ಅವರೇ. ಕನ್ನಡಕ ಹಣೆಗೇರಿಸಿ ಉಂಗುರವನ್ನು ಅಂಗೈಯಲ್ಲಿ ಹಾರಿಸಿ ನೋಡಿದರು. ‘ಬೆಳ್ಳಿಗಿಂತ ಭಾರ ಐತಿ. ಒರೆಗೆ ಹಚ್ಚಲಾ?’ ಅಂತ ಕೇಳಿದರು. ಕೇಳಿದರು ಅನ್ನೋದನ್ನ ಗಮನಿಸಿ. ಒಳಗಿನ ಮಗ್ಗುಲಿಂದ ಒರೆಗಲ್ಲಿನ ಮೇಲೆ ಒಂದು ಗೆರೆ ಎಳೆದರು, ಮೇಲೆ ನೈಟ್ರಿಕ್ ಆ್ಯಸಿಡ್ ಒಂದು ಹನಿ. ಗೆರೆ ನಿಧಾನವಾಗಿ ಕರಗಿ ಹನಿ ಕಂದು ಬಣ್ಣಕ್ಕೆ ತಿರುಗಿತು. ಅವರ ಹುಬ್ಬು ಮೇಲೇರಿತು. ಪ್ಲಾಟಿನಂ ಆಗಿದ್ದರೆ ಆ ಆ್ಯಸಿಡ್ಡಿಗೆ ಜಗ್ಗುತ್ತಿರಲಿಲ್ಲ, ಬೆಳ್ಳಿಯಾಗಿದ್ದರೆ ಆ ಬಣ್ಣ ಬರುತ್ತಿರಲಿಲ್ಲ.

‘ಬಂಗಾರ ಅಲ್ಲ, ಬೆಳ್ಳಿ ಅಲ್ಲ, ಉಕ್ಕ ಅಲ್ಲ. ಇದು ನನಗ ತಿಳಿಯಂಗಿಲ್ಲಪಾ’ ಅಂದರು. ನಾನು ಪಲ್ಲಾಡಿಯಂ ಅಂತ ಹೇಳಿದೆ. ‘ಅದರ ಹೆಸರು ಕೇಳೇನಿ. ಬೆಸೆದಿಲ್ಲ. ತಿಳಿಯದ ಮಾಲಿಗೆ ನಾ ಬೆಂಕಿ ಹಚ್ಚಂಗಿಲ್ಲ.’

ಅವರು ಹೇಳಿದ್ದು ಸರಿ. ಬಂಗಾರ ಕರಗೋದು 1064 ಡಿಗ್ರಿಗೆ, ಪಲ್ಲಾಡಿಯಂ 1555ಕ್ಕೆ. ಅದರ ಮೇಲೆ ಈ ಲೋಹಕ್ಕೆ ಒಂದು ಚಟ ಇದೆ, ಗಾಳಿ ಕುಡಿಯೋದು. ತನ್ನ ಗಾತ್ರದ ಸುಮಾರು 900 ಪಟ್ಟು ಹೈಡ್ರೋಜನ್ ಹೀರಿಕೊಳ್ಳಬಲ್ಲದು. ಊದುಕೊಳವೆಯ ಬೆಂಕಿಯಲ್ಲಿ ಹದ ತಪ್ಪಿ ಕಾಯಿಸಿದರೆ ಅನಿಲ ಕುಡಿದು ಪೆಡಸಾಗಿ ಬಿರುಕು ಬಿಡುತ್ತೆ. ಸರಿಯಾದ ಟಾರ್ಚ್, ಇಲ್ಲವೇ ಲೇಸರ್ ಬೆಸುಗೆ ಇರುವವರ ಹತ್ತಿರವೇ ಹೋಗಬೇಕು.

ಅಲ್ಲೇ ಕೂತು ಚಹಾ ಕುಡಿದೆ. ಅವರು ಬೇಜಾರಿಲ್ಲದ ದನಿಯಲ್ಲೇ ಅಂದರು, ‘ನೀವೆಲ್ಲಾ ಹಿಂಗ ಹೊರಗಿನ ಮಾಲು ತಂದ್ರ, ನಮ್ಮ ಕೈಗೆ ಕೆಲಸ ಎಲ್ಲಿಂದ ಬರಬೇಕು ಹೇಳು.’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಪವರ್‌ಲೂಮಿನಲ್ಲಿ ನೇಯ್ದ ಸೀರೆಗೆ ‘ಇಳಕಲ್’ ಅಂತ ಹೆಸರು ಹಾಕಿ ಮಾರಿದಾಗ ಅಪ್ಪ ಬೈಯೋದೂ ಇದೇ ಮಾತು. ನನ್ನ ವಾದದಲ್ಲಿ ಒಂದು ತೂತಿದ್ದರೆ ಇದೇ. ಒಪ್ಪಿಕೊಳ್ತೀನಿ. ಉಂಗುರ ಇನ್ನೂ ಬಿಗಿಯಾಗೇ ಇದೆ, ಬೇಸಿಗೆಯಲ್ಲಿ ಸೋಪು ಹಚ್ಚಿ ತೆಗೀತೀನಿ.

ಪ್ಲಾಟಿನಂ ಯಾಕಲ್ಲ ಅಂತ ಕೇಳಬೇಡಿ. ಬೆಂಗಳೂರಿನ ಮೊದಲ ಅಂಗಡಿಯಲ್ಲಿ ಪಲ್ಲಾಡಿಯಂ ಅಂದ ಕೂಡಲೇ ‘ಸರ್, ಅದಕ್ಕೆ ಡಿಮ್ಯಾಂಡ್ ಇಲ್ಲ, ಪ್ಲಾಟಿನಂ ತಗೊಳ್ಳಿ, ಕಪಲ್ ಆಫರ್ ಇದೆ’ ಅಂತ ಅರ್ಧ ಗಂಟೆ ತಲೆ ತಿಂದರು. ಬಂಗಾರದ ಒಣಜಂಬ ಬಿಟ್ಟು ಪ್ಲಾಟಿನಂ ಜಂಬ ಹಿಡಿದರೆ ಲಾಭವೇನು? ವೈಟ್ ಗೋಲ್ಡ್ ಅಂತೂ ಇನ್ನೂ ಚೆಂದ. ಬಂಗಾರಕ್ಕೆ ನಿಕ್ಕೆಲ್ಲೋ ಇದೇ ಪಲ್ಲಾಡಿಯಮ್ಮೋ ಬೆರೆಸಿ ಬಣ್ಣ ಕೆಡಿಸಿ, ಸಾಮಾನ್ಯವಾಗಿ ಮೇಲೆ ರೋಡಿಯಂ ಲೇಪ ಬಳಿದು ಬೆಳ್ಳಗೆ ಹೊಳೆಸಿರುತ್ತಾರೆ. ಲೇಪ ಸವೆದಾಗ ಒಳಗಿನ ಮಾಸಲು ಹಳದಿ ಇಣುಕುತ್ತೆ, ಮತ್ತೆ ಲೇಪ, ಮತ್ತೆ ರೊಕ್ಕ. ನಿಕ್ಕೆಲ್ ಆಗದವರಿಗೆ ತುರಿಕೆ ಬೇರೆ. ಬಿಳಿಯೇ ಬೇಕಾದರೆ ಒಳಗೂ ಹೊರಗೂ ಬಿಳಿಯೇ ಇರುವ ಲೋಹ ಹಾಕ್ಕೊಳ್ಳಿ ಅಂತೀನಿ.

ಹಾಗಾದರೆ ಸ್ಟೀಲ್ ಯಾಕಲ್ಲ, ಬೆಳ್ಳಿ ಯಾಕಲ್ಲ? ಒಳ್ಳೆ ಪ್ರಶ್ನೆ. ಪ್ರಾಮಾಣಿಕವಾಗಿ ಹೇಳ್ತೀನಿ, ಸ್ಟೀಲ್ ಅಂದಿದ್ದರೆ ಅವ್ವ ಮೂರು ದಿನ ಊಟ ಬಿಡುತ್ತಿದ್ದಳು. ಪಲ್ಲಾಡಿಯಂ ಅಂದಾಗ ಅದೇನೋ ಫಾರಿನ್ ಇರಬೇಕು ಅಂತ ಸುಮ್ಮನಾದಳು. ಅಷ್ಟರ ಮಟ್ಟಿಗೆ ನಾನೂ ರಾಜಿ ಮಾಡಿಕೊಂಡವನೇ. ಬೆಳ್ಳಿ ಕಪ್ಪಾಗುತ್ತೆ, ಸವೆಯುತ್ತೆ. ಆದರೆ ಬೆಳ್ಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಅವ್ವನ ಮದುವೆಯಲ್ಲಿ ಉಂಗುರ ಬದಲಾಯಿಸೋ ಪದ್ಧತಿಯೇ ಇರಲಿಲ್ಲ. ಇದ್ದ ಉಂಗುರ ಒಂದೇ, ಕಾಲುಂಗುರ. ಅಪ್ಪ ಬಗ್ಗಿ ಅವ್ವನ ಕಾಲಿಗೆ ತೊಡಿಸಿದ್ದು, ಬೆಳ್ಳಿಯದು. ಆಮೇಲೆ ನಾಲ್ಕು ಸಲ ಸವೆದು ನಾಲ್ಕು ಸಲ ಬದಲಾಯಿತು. ಯಾವ ಬೀಗರೂ ಅದನ್ನ ಒರೆಗೆ ಹಚ್ಚಲಿಲ್ಲ. ಎಷ್ಟು ಗ್ರಾಂ ಅಂತ ಅವ್ವನಿಗೂ ಗೊತ್ತಿಲ್ಲ. ಅದರ ರೀಸೇಲ್ ವ್ಯಾಲ್ಯೂ ಕೇಳಿದವನನ್ನ ನಾನು ಇದುವರೆಗೂ ನೋಡಿಲ್ಲ. ಹೆಂಗಸರ ಕಾಲಿಗೆ ಬೆಳ್ಳಿ ಸಾಕಾಗಿ ಮದುವೆ ಗಟ್ಟಿ ನಿಲ್ಲುತ್ತೆ ಅಂತಾದರೆ, ಗಂಡಸಿನ ಕೈಗೆ ‘ಹೊಸ ಬೆಳ್ಳಿ’ ಯಾಕೆ ಸಾಲದು?

ನಮ್ಮೂರ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದುಡ್ಡು ಬೇಡ, ನಿಮ್ಮ ಕುಡಿತ, ನಿಮ್ಮ ತಂಬಾಕು ಹಾಕಿ ಅಂತ ಬೇಡಿದವರು. 2018ರಲ್ಲಿ ಲಿಂಗೈಕ್ಯರಾದರು. ಆ ಜೋಳಿಗೆ ನಮ್ಮ ಓಣಿಗೆ ಈಗ ಮತ್ತೆ ಬಂದರೆ ನಾನು ಸೀದಾ ನಮ್ಮ ಹಿರಿಯರ ಕಿಸೆಯಲ್ಲಿರುವ ಆ ಸಣ್ಣ ತಕ್ಕಡಿಗಳನ್ನ ಕೇಳಿ ಹಾಕಿಸ್ತೀನಿ. ನಾನು ಇದನ್ನ ನಗುತ್ತಾ ಹೇಳಿದರೂ ಮನೆಯಲ್ಲಿ ಯಾರೂ ನಗಲಿಲ್ಲ.

ಇನ್ನೊಂದು ವಿಷಯ. ನಿನ್ನೆ ರಾತ್ರಿ ಚಿಕ್ಕಪ್ಪ ಫೋನ್ ಮಾಡಿದ್ದರು. ಅವರ ಮಗನಿಗೆ ಹುನಗುಂದದಲ್ಲಿ ಹುಡುಗಿ ನೋಡಿದ್ದಾರೆ, ಮಾತುಕತೆ ಈ ರವಿವಾರ. ‘ನಾವೇನೂ ಕೇಳಂಗಿಲ್ಲ, ಹುಡುಗನಿಗೊಂದು ಉಂಗುರ ಅಷ್ಟೇ. ನೀ ಓದಿದಾಂವ, ಜೊತೀಗೆ ಬಾ’ ಅಂದರು. ಬರ್ತೀನಿ ಅಂದೆ. ಹುಡುಗಿಯ ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಕೇಳಿದೆ. ‘ಎರಡು ಮಗ್ಗ ಅದಾವಂತ’ ಅಂದರು.

ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.